ಉನಿಯಾ ನಂತರದ ಸೊನಾಟಾ ಆರ್ಕ್‌ಟಿಕಾ: ನಿಜಕ್ಕೂ ಬದಲಾದದ್ದು ಏನು?

ಪ್ರಶ್ನೆ: ರಾತ್ರಿಪಾಳಿ (ಹುಬ್ಬಳ್ಳಿ)

ಫಿನ್‌ಲೆಂಡಿನ ಸೊನಾಟಾ ಆರ್ಕ್‌ಟಿಕಾ ಎಂಬ ಮೆಟಲ್ ತಂಡದ ಮೊದಲ ನಾಲ್ಕು ಆಲ್ಬಮ್‌ಗಳು ನನಗೆ ಕಂಠಪಾಠ. 1999ರ ಎಕ್ಲಿಪ್ಟಿಕಾ, 2001ರ ಸೈಲೆನ್ಸ್, 2003ರ ವಿಂಟರ್‌ಹಾರ್ಟ್ಸ್ ಗಿಲ್ಡ್, 2004ರ ರೆಕನಿಂಗ್ ನೈಟ್. ಇವುಗಳಲ್ಲಿ ಯಾವ ಹಾಡನ್ನು ಎಲ್ಲಿಂದ ಹಾಕಿದರೂ ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತದೆ. 2007ರಲ್ಲಿ ಉನಿಯಾ ಬಂದಾಗ ಹಾಗಾಗಲಿಲ್ಲ, ಇಂದಿಗೂ ಆಗಿಲ್ಲ. ಅದರ ನಂತರದ ಆಲ್ಬಮ್‌ಗಳನ್ನೂ ಬಿಡದೆ ಕೇಳಿದ್ದೇನೆ. ಒಂದೊಂದರಲ್ಲಿ ಎರಡು ಮೂರು ಹಾಡುಗಳು ಹಿಡಿಸಿವೆ, ಅಷ್ಟೇ.

ನನ್ನ ಕೆಲಸ ಪತ್ರಿಕೆಯೊಂದರ ಮುದ್ರಣ ವಿಭಾಗದಲ್ಲಿ, ರಾತ್ರಿ ಪಾಳಿ. ಕೊನೆಯ ಪುಟದ ಪ್ಲೇಟ್ ಬರುವವರೆಗೆ ಕಾಯುವ ಹೊತ್ತಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಯಂತ್ರ ಶುರುವಾದ ಮೇಲೆ ಏನೂ ಕೇಳಿಸುವುದಿಲ್ಲ, ಆದರೆ ಹಾಡು ತಲೆಯೊಳಗೆ ಮುಂದುವರಿಯುತ್ತಿರುತ್ತದೆ. ಎಕ್ಲಿಪ್ಟಿಕಾದ ಹಾಡುಗಳು ಹಾಗೆ ಮುಂದುವರಿಯುತ್ತವೆ. ಏಯ್ತ್ ಕಮಾಂಡ್‌ಮೆಂಟ್ ಮುಗಿದು ರೆಪ್ಲಿಕಾ ಶುರುವಾಗುವ ಜಾಗವಿದೆಯಲ್ಲ, ಆ ನಡುವಿನ ಮೌನ ಎಷ್ಟು ಉದ್ದ ಎಂಬುದೂ ನನಗೆ ನೆನಪಿದೆ. ಉನಿಯಾದ ಹಾಡುಗಳು ಯಂತ್ರ ಶುರುವಾದ ಕೂಡಲೇ ತಲೆಯಿಂದ ಇಳಿದುಹೋಗುತ್ತವೆ. ದ ವೈಸ್ ಹಾಡನ್ನೇ ತೆಗೆದುಕೊಳ್ಳಿ. ರಾಗ ಒಂದು ಕಡೆ ನೆಲೆ ನಿಲ್ಲುತ್ತದೆ ಎನ್ನುವಷ್ಟರಲ್ಲಿ ಬೇರೆ ಕಡೆ ಹೊರಳುತ್ತದೆ. ಕಾಲೂರಲು ನನಗೆ ಜಾಗವೇ ಸಿಗುವುದಿಲ್ಲ.

ಈ ವಿಷಯ ಎಲ್ಲಿ ಎತ್ತಿದರೂ ಎರಡೇ ಉತ್ತರ. ಒಂದು ಗುಂಪಿನವರು "ಕಲಾವಿದರು ಬೆಳೆಯುತ್ತಾರೆ, ಕೇಳುಗರೂ ಬೆಳೆಯಬೇಕು" ಎನ್ನುತ್ತಾರೆ. ಇನ್ನೊಂದು ಗುಂಪಿನವರು "ತಂಡ ಅಭಿಮಾನಿಗಳಿಗೆ ದ್ರೋಹ ಮಾಡಿತು" ಎನ್ನುತ್ತಾರೆ. ಎರಡನ್ನೂ ಸಾಕಷ್ಟು ಕೇಳಿದ್ದೇನೆ, ಎರಡರಿಂದಲೂ ನನಗೆ ಪ್ರಯೋಜನವಾಗಿಲ್ಲ. ನಾನು ಬೆಳೆದಿಲ್ಲ ಎಂದು ಹೇಳುವವರು ನನ್ನ ಕಿವಿಯ ಬಗ್ಗೆ ಮಾತನಾಡುತ್ತಾರೆಯೇ ಹೊರತು ಹಾಡಿನ ಬಗ್ಗೆ ಮಾತನಾಡುವುದಿಲ್ಲ. ದ್ರೋಹ ಎನ್ನುವವರು ತಮ್ಮ ಸಿಟ್ಟಿನ ಬಗ್ಗೆ ಮಾತನಾಡುತ್ತಾರೆ, ಅವರೂ ಹಾಡಿಗೆ ಬರುವುದಿಲ್ಲ.

ನನಗೆ ಬೇಕಾದದ್ದು ಇಷ್ಟು. ಹಾಡಿನ ಒಳಗೆ ನಿರ್ದಿಷ್ಟವಾಗಿ ಏನು ಬದಲಾಯಿತು? ಏನು ಉಳಿದಿದೆ? ಉಳಿದದ್ದನ್ನು ಕೇಳಿಸಿಕೊಳ್ಳಲು ಎಲ್ಲಿಂದ ಶುರು ಮಾಡಬೇಕು? ಸಂಗೀತ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಇಪ್ಪತ್ತರ ವಯಸ್ಸಿನಿಂದ ಜೊತೆಗಿರುವ ತಂಡ ಇದು. ಅರ್ಧಕ್ಕೆ ಬಿಟ್ಟುಬಿಡಲು ಮನಸ್ಸಿಲ್ಲ.

ಉತ್ತರ: ಸ್ವರಪಟ್ಟಿ (ಮೈಸೂರು)

ರಾತ್ರಿಪಾಳಿಯವರೇ, ನಾನು ಮಕ್ಕಳಿಗೆ ಕೀಬೋರ್ಡ್ ಕಲಿಸುವವಳು. ಈ ತಂಡದ ಹಾಡುಗಳನ್ನು ಕೀಬೋರ್ಡಿನ ಮೇಲೆ ಬಿಡಿಸಿ ನೋಡಿದ್ದೇನೆ, ಆ ಬಲದ ಮೇಲೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಎಕ್ಲಿಪ್ಟಿಕಾ ಈ ತಂಡದ ಮೊದಲ ಹೆಜ್ಜೆಯಲ್ಲ. ಉತ್ತರ ಫಿನ್‌ಲೆಂಡಿನ ಕೆಮಿ ಎಂಬ ಸಣ್ಣ ಊರಿನಲ್ಲಿ ಇವರು ಟ್ರಿಕಿ ಬೀನ್ಸ್ ಎಂಬ ಹೆಸರಿನಲ್ಲಿ ಶುರು ಮಾಡಿದವರು, ಆಮೇಲೆ ಟ್ರಿಕಿ ಮೀನ್ಸ್ ಆದರು. ಆಗಿನ ಡೆಮೊ ಧ್ವನಿಮುದ್ರಣಗಳಲ್ಲಿ ಪವರ್ ಮೆಟಲ್, ಅಂದರೆ ವೇಗದ ಡ್ರಮ್ಮಿನ ಮೇಲೆ ಎತ್ತರದ ರಾಗ ಹಾಡುವ ಮೆಟಲ್ ಶೈಲಿ, ಇರಲಿಲ್ಲ. ಪಾಪ್ ಗುಣದ ರಾಕ್ ಸಂಗೀತ ಇತ್ತು. ಗಾಯಕ ಟೋನಿ ಕಕ್ಕೊ ತಮ್ಮದೇ ನಾಡಿನ ಸ್ಟ್ರಾಟೊವೇರಿಯಸ್ ತಂಡವನ್ನು ಕೇಳಿ ಮನಸೋತ ಮೇಲೆ ದಿಕ್ಕು ಬದಲಾಯಿತು. ಅಂದರೆ ನಾವು ಇವರ ಮೂಲ ಶೈಲಿ ಎಂದು ಹಿಡಿದುಕೊಂಡಿರುವುದೇ ಇವರ ಮೊದಲ ದೊಡ್ಡ ತಿರುವು. ಉನಿಯಾವನ್ನು ಇಷ್ಟಪಡಲೇಬೇಕೆಂದು ಒತ್ತಾಯಿಸಲು ಇದನ್ನು ಹೇಳುತ್ತಿಲ್ಲ. ಎರಡನೆಯ ತಿರುವಿನಲ್ಲಿ ಮೇಲೆ ಬಂದದ್ದು ಎಲ್ಲಿಂದಲೋ ಎರವಲು ತಂದದ್ದಲ್ಲ, ಒಳಗೇ ಇದ್ದದ್ದು ಎಂದು ತೋರಿಸಲು ಹೇಳುತ್ತಿದ್ದೇನೆ.

ಎಕ್ಲಿಪ್ಟಿಕಾದಲ್ಲಿ ಹಾಡುವುದರ ಜೊತೆಗೆ ಕೀಬೋರ್ಡ್ ನುಡಿಸಿದವರೂ ಕಕ್ಕೊ ಅವರೇ. ಹೆಚ್ಚುಕಡಿಮೆ ಎಲ್ಲ ಹಾಡುಗಳನ್ನು ಬರೆದವರೂ ಅವರೇ. ಇದು ಮುಖ್ಯ. ಗಿಟಾರಿನ ರಿಫ್‌ನಿಂದ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛದಿಂದ) ಹುಟ್ಟುವ ಹಾಡಿಗೂ ಕೀಬೋರ್ಡಿನ ಮುಂದೆ ಕುಳಿತು ಹಾಡಿಕೊಳ್ಳುತ್ತಾ ಹುಟ್ಟುವ ಹಾಡಿಗೂ ನಡೆ ಬೇರೆ. ಫುಲ್‌ಮೂನ್ ಹಾಡಿನ ಆರಂಭ ಕೇಳಿ. ಮೆಲುದನಿಯ ಕೀಬೋರ್ಡಿನ ಮೇಲೆ ಒಬ್ಬನೇ ಕುಳಿತ ಮನುಷ್ಯನ ಕಥೆ ಶುರುವಾಗುತ್ತದೆ. ಆಮೇಲೆ ಡ್ರಮ್ಮರ್ ಟಾಮಿ ಪೋರ್ಟಿಮೊ ಎರಡೂ ಕಾಲಿನಿಂದ ಬಾರಿಸುವ ಜೋಡಿ ಪೆಡಲ್ ಬಂದು ಹಾಡನ್ನು ಎತ್ತಿಕೊಂಡು ಓಡುತ್ತದೆ. ಆ ಓಟವನ್ನು ತೆಗೆದು, ನಿಧಾನವಾಗಿ ಎರಡು ಕೈಯಲ್ಲಿ ನುಡಿಸಿ ನೋಡಿದರೆ ಅದು ಒಂದು ನಾಟಕದ ಹಾಡು. ಪಾತ್ರವಿದೆ, ಹೆದರಿಕೆಯಿದೆ, ಮಾತಿನಂತೆ ಏರಿಳಿಯುವ ಸಾಲುಗಳಿವೆ.

ಉನಿಯಾದಲ್ಲಿ ಆದದ್ದು ಏನೆಂದರೆ, ಆ ಓಟ ನಿಂತಿತು, ನಾಟಕ ಉಳಿಯಿತು. ಓಟ ನಿಂತಾಗ ಪಲ್ಲವಿಯ ಜಾಗವೂ ಬದಲಾಯಿತು. ಮೊದಲ ಆಲ್ಬಮ್‌ಗಳಲ್ಲಿ ಚರಣ ಮುಗಿಯುತ್ತಾ ಬಂದಂತೆ ಪಲ್ಲವಿ ಈಗ ಬರುತ್ತದೆ ಎಂದು ಮೈಗೇ ಗೊತ್ತಾಗುತ್ತದೆ, ಸರಿಯಾಗಿ ಅಲ್ಲೇ ಬರುತ್ತದೆ. ಉನಿಯಾದಲ್ಲಿ ಕಕ್ಕೊ ಅದನ್ನು ಮುಂದೂಡುತ್ತಾರೆ. ನಡುವೆ ಇನ್ನೊಂದು ಭಾಗ ತರುತ್ತಾರೆ, ಒಮ್ಮೆ ಹಾಡಿದ ಪಲ್ಲವಿಯನ್ನು ಎರಡನೆಯ ಸಲ ಬೇರೆ ಬಗೆಯಲ್ಲಿ ಹಾಡುತ್ತಾರೆ, ತಮ್ಮದೇ ದನಿಯ ಮೇಲೆ ದನಿ ಪೇರಿಸುತ್ತಾರೆ. ಕಾಲೂರಲು ಜಾಗ ಸಿಗುವುದಿಲ್ಲ ಎಂದು ನೀವು ಹೇಳಿದ್ದು ಇದನ್ನೇ. ಅದು ನಿಮ್ಮ ಕಿವಿಯ ದೋಷವಲ್ಲ. ಹಾಡುಗಳನ್ನು ಕಟ್ಟಿರುವುದೇ ಹಾಗೆ.

ಇನ್ನೊಂದು ನಷ್ಟವೂ ಇದೆ, ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಹಳೆಯ ಹಾಡುಗಳಲ್ಲಿ ಗಿಟಾರ್ ಮತ್ತು ಕೀಬೋರ್ಡ್ ಜುಗಲ್‌ಬಂದಿ ನಡೆಸುತ್ತಿದ್ದವು. ಗಿಟಾರಿನಲ್ಲಿ ಯಾನಿ ಲೀಮತೈನೆನ್ ಒಂದು ಮಾತು ಹೇಳಿದರೆ, ಎಕ್ಲಿಪ್ಟಿಕಾದ ನಂತರ ಕೀಬೋರ್ಡಿಗೆ ಬಂದ ಮಿಕ್ಕೊ ಹ್ಯಾರ್ಕಿನ್ ಮರುಮಾತು ಹೇಳುತ್ತಿದ್ದರು. ಹ್ಯಾರ್ಕಿನ್ ತಂಡ ಬಿಟ್ಟ ಮೇಲೆ ವಿಂಟರ್‌ಹಾರ್ಟ್ಸ್ ಗಿಲ್ಡ್‌ನ ಕೆಲವು ಸೋಲೋಗಳಿಗೆ ಸ್ಟ್ರಾಟೊವೇರಿಯಸ್‌ನ ಯೆನ್ಸ್ ಯೋಹಾನ್ಸನ್ ಬಂದರು. ಆಮೇಲೆ ಕೀಬೋರ್ಡಿಗೆ ಹೆನ್ರಿಕ್ ಕ್ಲಿಂಗೆನ್‌ಬರ್ಗ್ ಸೇರಿದರು, ರೆಕನಿಂಗ್ ನೈಟ್‌ನಲ್ಲಿ ಆ ಜುಗಲ್‌ಬಂದಿ ಇನ್ನೂ ಜೀವಂತವಾಗಿದೆ. ಉನಿಯಾದಲ್ಲಿ ಅದು ಬಹುಮಟ್ಟಿಗೆ ಇಲ್ಲ. ಆ ಆಲ್ಬಮ್ ಬಂದ ವರ್ಷವೇ ಲೀಮತೈನೆನ್ ತಂಡದಿಂದ ಹೊರಗಾದರು, ಅವರ ಜಾಗಕ್ಕೆ ಎಲಿಯಾಸ್ ವಿಲ್ಯಾನೆನ್ ಬಂದರು. ವೇಗ ಹೋಯಿತು ಎಂದು ಅಳುವ ಅಭಿಮಾನಿಗಳಲ್ಲಿ ಅನೇಕರು ನಿಜವಾಗಿ ಅಳುತ್ತಿರುವುದು ಈ ಜುಗಲ್‌ಬಂದಿಗಾಗಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಿರಿ. ಉನಿಯಾವನ್ನು ಮೊದಲ ಹಾಡಿನಿಂದ ಕೊನೆಯವರೆಗೆ ಕೇಳುವುದನ್ನು ಸದ್ಯಕ್ಕೆ ಬಿಡಿ. ಒಂದು ಕಥೆಯ ಬೆನ್ನು ಹಿಡಿಯಿರಿ. ಸೈಲೆನ್ಸ್ ಆಲ್ಬಮ್‌ನಲ್ಲಿ ದ ಎಂಡ್ ಆಫ್ ದಿಸ್ ಚಾಪ್ಟರ್ ಎಂಬ ಹಾಡಿದೆ. ಹೆಣ್ಣೊಬ್ಬಳ ಬೆನ್ನು ಬಿಡದ ಮನುಷ್ಯನ ಕಥೆ. ಅದೇ ಕಥೆ ರೆಕನಿಂಗ್ ನೈಟ್‌ನ ಡೋಂಟ್ ಸೇ ಎ ವರ್ಡ್‌ನಲ್ಲಿ ಮುಂದುವರಿಯುತ್ತದೆ. ಉನಿಯಾದ ಕೇಲೆಬ್ ಹಾಡಿನಲ್ಲಿ ಅವನ ಬಾಲ್ಯಕ್ಕೆ ಹೋಗುತ್ತೇವೆ. 2009ರ ದ ಡೇಸ್ ಆಫ್ ಗ್ರೇಸ್‌ನಲ್ಲಿ ಜೂಲಿಯೆಟ್, 2016ರ ದ ನೈನ್ತ್ ಅವರ್‌ನಲ್ಲಿ ಟಿಲ್ ಡೆತ್ಸ್ ಡನ್ ಅಸ್ ಅಪಾರ್ಟ್, 2019ರ ತಾಲ್ವಿಯೊದಲ್ಲಿ ದ ಲಾಸ್ಟ್ ಆಫ್ ದ ಲ್ಯಾಂಬ್ಸ್. ಆರು ಹಾಡು, ಆರು ಆಲ್ಬಮ್, ಹದಿನೆಂಟು ವರ್ಷ. ಕಥೆ ಒಂದೇ, ಬರೆದವರು ಒಬ್ಬರೇ. ಶೈಲಿ ಎಲ್ಲೆಲ್ಲಿ ಹೇಗೆ ತಿರುಗಿತು ಎಂಬುದನ್ನು ಕೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾಡುಗಳ ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ.

ಉತ್ತರ: ಕುಂಬಳಕಾಯಿ (ಬೆಂಗಳೂರು)

ಸ್ವರಪಟ್ಟಿಯವರು ಚೆನ್ನಾಗಿ ಬಿಡಿಸಿದ್ದಾರೆ. ಆದರೂ ನಾನು ಒಪ್ಪುವುದಿಲ್ಲ.

ನನ್ನ ಹೆಸರು ನೋಡಿದರೆ ನಾನು ಯಾವ ತಂಡದ ಕಡೆಯವನು ಎಂದು ಗೊತ್ತಾಗುತ್ತದೆ. ಕುಂಬಳಕಾಯಿಯನ್ನೇ ಲಾಂಛನ ಮಾಡಿಕೊಂಡ ಜರ್ಮನಿಯ ಹೆಲೋವೀನ್ ನನ್ನ ತಂಡ. ಅವರೂ ಶೈಲಿ ಬದಲಿಸಿದವರು. 1987 ಮತ್ತು 1988ರಲ್ಲಿ ಕೀಪರ್ ಆಲ್ಬಮ್‌ಗಳ ಎರಡು ಭಾಗಗಳನ್ನು ಕೊಟ್ಟು, ಇಂದು ನಾವು ಪವರ್ ಮೆಟಲ್ ಎನ್ನುವುದಕ್ಕೆ ಅಡಿಪಾಯ ಹಾಕಿದವರೇ 1993ರಲ್ಲಿ ಕಮೀಲಿಯನ್ ತಂದರು. ಮೆಟಲ್‌ನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋದ ಆಲ್ಬಮ್ ಅದು. ಅಭಿಮಾನಿಗಳು ಕೈಬಿಟ್ಟರು. ಗಾಯಕ ಮೈಕೆಲ್ ಕಿಸ್ಕೆ ಹೊರಗಾದರು, ಆಂಡಿ ಡೆರಿಸ್ ಬಂದರು, 1994ರ ಮಾಸ್ಟರ್ ಆಫ್ ದ ರಿಂಗ್ಸ್‌ನಲ್ಲಿ ತಂಡ ಮತ್ತೆ ದಾರಿಗೆ ಬಂತು. 2017ರಲ್ಲಿ ಕಿಸ್ಕೆ ಮತ್ತು ಹಳೆಯ ಗಿಟಾರ್ ವಾದಕ ಕಾಯ್ ಹ್ಯಾನ್ಸೆನ್ ಮರಳಿ ಬಂದು ಡೆರಿಸ್ ಜೊತೆಯಲ್ಲೇ ವೇದಿಕೆ ಹತ್ತಿದರು. ಅಲ್ಲಿ ಅಭಿಮಾನಿಗೆ ಲೆಕ್ಕ ಸುಲಭ. ಜನ ಬದಲಾದರು, ಶೈಲಿ ಬದಲಾಯಿತು. ಜನ ಮರಳಿದರು, ಜೀವ ಮರಳಿತು.

ಸೊನಾಟಾ ಆರ್ಕ್‌ಟಿಕಾದಲ್ಲಿ ಹಾಗೆ ಯಾರ ಕಡೆಗೂ ಬೆರಳು ತೋರಿಸಲು ಆಗುವುದಿಲ್ಲ. ರೆಪ್ಲಿಕಾ ಬರೆದ ಕೈಯೇ ದ ವೈಸ್ ಬರೆದಿದೆ. ಎಕ್ಲಿಪ್ಟಿಕಾದ ಡ್ರಮ್ಮರ್ ಇಂದಿಗೂ ಅದೇ ಪೋರ್ಟಿಮೊ. ನೋವು ಇಷ್ಟು ಆಳಕ್ಕೆ ಇಳಿದಿರುವುದು ಈ ಕಾರಣದಿಂದ. ಗಾಯಕ ಬದಲಾದ ತಂಡದ ಅಭಿಮಾನಿ ಹಳೆಯ ಗಾಯಕನ ಹೆಸರು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಾನೆ. ಇಲ್ಲಿ ಅದೇ ಮನುಷ್ಯ ಎದುರಿಗೆ ನಿಂತು, ಅದೇ ದನಿಯಲ್ಲಿ, ನನಗೆ ಅದರಲ್ಲಿ ಆಸಕ್ತಿಯಿಲ್ಲ ಎನ್ನುತ್ತಿದ್ದಾನೆ.

ವೇಗವನ್ನು ತೆಗೆದು ನುಡಿಸಿದರೆ ಒಳಗೆ ನಾಟಕ ಇದೆ ಎಂದಿರಿ. ಪವರ್ ಮೆಟಲ್‌ನಲ್ಲಿ ವೇಗ ಒಗ್ಗರಣೆಯಲ್ಲ, ಬೇಳೆ. ಫುಲ್‌ಮೂನ್‌ನ ಮನುಷ್ಯ ತೋಳವಾಗಿ ಮಾರ್ಪಡುವ ಕಥೆಯಲ್ಲಿ ಆ ಮಾರ್ಪಾಡನ್ನು ಹೇಳುವುದೇ ಡ್ರಮ್. ಸಾಹಿತ್ಯಕ್ಕಿಂತ ಮೊದಲು ಪೋರ್ಟಿಮೊ ಅವರ ಕಾಲುಗಳು ಹೇಳುತ್ತವೆ, ಹೆಂಡತಿ ಓಡಬೇಕು ಎಂದು. ಆ ಕಾಲುಗಳನ್ನು ವರ್ಷಗಟ್ಟಲೆ ಸುಮ್ಮನೆ ಕೂರಿಸಿದರು. ನನ್ನ ದೂರು ಅದು. 2012ರ ಸ್ಟೋನ್ಸ್ ಗ್ರೋ ಹರ್ ನೇಮ್‌ನಲ್ಲಿ ಸಿಂಡರ್‌ಬ್ಲಾಕ್ಸ್ ಎಂಬ ಹಾಡಿದೆ, ಅದರಲ್ಲಿ ಬ್ಯಾಂಜೊ ಕೇಳಿಸುತ್ತದೆ. ಬ್ಯಾಂಜೊ ಕೆಟ್ಟ ವಾದ್ಯ ಎಂದು ನಾನು ಹೇಳುವುದಿಲ್ಲ. ಆ ಹಾಡಿಗೆ ಈ ತಂಡವೇ ಬೇಕಿರಲಿಲ್ಲ ಎನ್ನುತ್ತೇನೆ.

ಇನ್ನು ತಂಡದ ನಡೆಯನ್ನೇ ನೋಡಿ. 2014ರ ಪರಾಯಾಸ್ ಚೈಲ್ಡ್ ಆಲ್ಬಮ್‌ಗೆ ಹಳೆಯ ಲೋಗೊವನ್ನು ಮರಳಿ ತಂದರು. ಅದೇ ವರ್ಷ ಎಕ್ಲಿಪ್ಟಿಕಾವನ್ನು ಪೂರ್ತಿಯಾಗಿ ಮತ್ತೆ ಧ್ವನಿಮುದ್ರಣ ಮಾಡಿ ಹದಿನೈದನೆಯ ವರ್ಷದ ನೆನಪಿಗೆ ಹೊರತಂದರು. ದೂರ ಹೋದದ್ದು ಅವರಿಗೂ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ನುಡಿಸಿದಾಗ ನಾನು ಅಲ್ಲಿದ್ದೆ. ತಮ್ಮ ದಾರಿಯಲ್ಲಿ ದಶಕಗಳ ಕಾಲ ನಡೆದ ತಂಡ ಹೇಗಿರುತ್ತದೆ ಎಂದು ಆ ಸಂಜೆ ಕಣ್ಣಾರೆ ಕಂಡೆ. ಎರಡು ತಿಂಗಳ ನಂತರ ಉನಿಯಾ ಬಂತು. ನನ್ನ ಅಸಮಾಧಾನಕ್ಕೆ ಆ ಹೊತ್ತಿನ ಪಾಲೂ ಇದ್ದೀತು. ಆದರೆ ಇಷ್ಟು ವರ್ಷವಾದರೂ ಅದು ಕರಗಿಲ್ಲ.

ಉತ್ತರ: ಉತ್ತರದ ಗಾಳಿ (ಔಲು, ಫಿನ್‌ಲೆಂಡ್)

ನಮಸ್ಕಾರ. ಊರು ಹಾಸನದ ಕಡೆ, ಕೆಲಸಕ್ಕೆಂದು ಬಂದು ಔಲುವಿನಲ್ಲಿ ನೆಲೆಸಿದವನು. ಕೆಮಿ ನಮ್ಮಿಂದ ನೂರು ಕಿಲೋಮೀಟರ್ ಉತ್ತರಕ್ಕಿದೆ. ಸಮುದ್ರ ಹೆಪ್ಪುಗಟ್ಟುವ ಊರು. ಚಳಿಗಾಲದಲ್ಲಿ ಅಲ್ಲಿ ಕಟ್ಟುವ ಹಿಮದ ಕೋಟೆಯನ್ನು ನೋಡಲು ಮನೆಯವರೊಂದಿಗೆ ಹೋಗಿದ್ದೆ. ಎಕ್ಲಿಪ್ಟಿಕಾ ಧ್ವನಿಮುದ್ರಣವಾದ ಟಿಕೊ ಟಿಕೊ ಸ್ಟುಡಿಯೊ ಇದ್ದದ್ದೂ ಅದೇ ಊರಿನಲ್ಲಿ. ಮಧ್ಯಾಹ್ನವೇ ಕತ್ತಲಾಗುವ ತಿಂಗಳುಗಳಲ್ಲಿ ಇಲ್ಲಿ ಬದುಕಿದ ಮೇಲೆ ಈ ಹಾಡುಗಳಲ್ಲಿ ತೋಳ, ಹಿಮ, ಒಂಟಿತನ ಮತ್ತೆ ಮತ್ತೆ ಏಕೆ ಬರುತ್ತವೆ ಎಂದು ಕೇಳುವ ಅಗತ್ಯ ನನಗೆ ಉಳಿದಿಲ್ಲ.

ನನ್ನ ಕಚೇರಿಯಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ, ನನಗಿಂತ ಹತ್ತು ವರ್ಷ ಚಿಕ್ಕವರು. ಅವರ ಮಟ್ಟಿಗೆ ಸೊನಾಟಾ ಆರ್ಕ್‌ಟಿಕಾ ಎಂದರೆ ದ ಡೇಸ್ ಆಫ್ ಗ್ರೇಸ್. ಅದರ ಡೆತ್‌ಔರಾ ಹಾಡಿನಲ್ಲಿ ಗಾಯಕಿ ಯೋಹಾನ್ನಾ ಕುರ್ಕೆಲಾ ಅವರ ದನಿ ಬರುವ ಭಾಗವನ್ನು ಅವರು ಎಷ್ಟು ಪ್ರೀತಿಯಿಂದ ವರ್ಣಿಸುತ್ತಾರೆಂದರೆ, ನಾವು ರೆಪ್ಲಿಕಾ ಬಗ್ಗೆ ಮಾತನಾಡುವ ರೀತಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಎಕ್ಲಿಪ್ಟಿಕಾ ಅವರಿಗೆ ತುಂಬ ಅವಸರದ ಆಲ್ಬಮ್ ಅನ್ನಿಸುತ್ತದಂತೆ. ಎಲ್ಲ ಹಾಡುಗಳೂ ಒಂದೇ ಉಸಿರಿನಲ್ಲಿ ಓಡುತ್ತವೆ, ಪಾತ್ರಗಳಿಗೆ ಮಾತನಾಡಲು ಬಿಡುವುದಿಲ್ಲ ಎನ್ನುತ್ತಾರೆ. ಶಾಲೆಯಲ್ಲಿದ್ದಾಗ ಅವರ ಕೈಗೆ ಬಂದದ್ದು ದ ಡೇಸ್ ಆಫ್ ಗ್ರೇಸ್. ಮೊದಲು ಯಾವುದು ಸಿಕ್ಕಿತೋ ಅದೇ ಅಳತೆಗೋಲಾಯಿತು. ಕುಂಬಳಕಾಯಿಯವರ ಬೇಳೆಯ ಮಾತು ಹಳೆಯ ಆಲ್ಬಮ್‌ಗಳ ಕಾಲದಲ್ಲಿ ಸೇರಿದವರಿಗೆ ನಿಜ. ಎಲ್ಲರಿಗೂ ನಿಜವಲ್ಲ.

ಇಲ್ಲಿ ಇವರ ಕಾರ್ಯಕ್ರಮಗಳಿಗೆ ಹೋಗಿದ್ದೇನೆ. ಫುಲ್‌ಮೂನ್‌ನ ಪಲ್ಲವಿ ಬಂದಾಗ ಕಕ್ಕೊ ಮೈಕನ್ನು ಜನರ ಕಡೆಗೆ ತಿರುಗಿಸುತ್ತಾರೆ, ಸಭೆಯೆಲ್ಲ ಒಂದೇ ಗಂಟಲಿನಲ್ಲಿ ಹಾಡುತ್ತದೆ. ಕೊನೆಗೆ ಹವಾ ನಗೀಲಾ ಎಂಬ ಯಹೂದಿ ಜನಪದ ಗೀತೆಯ ಧಾಟಿಯಲ್ಲಿ ವೋಡ್ಕಾ ಬೇಕೆಂದು ಹಾಡುವ ಪುಟ್ಟ ಹಾಡಿನೊಂದಿಗೆ ಎಲ್ಲರೂ ನಗುತ್ತಾ ಹೊರಡುತ್ತಾರೆ. ಆದರೆ ಹೊಸ ಹಾಡುಗಳು ಬಂದಾಗ ಜನ ಬಿಯರ್ ತರಲು ಎದ್ದು ಹೋಗುತ್ತಾರೆ ಎಂದು ಭಾವಿಸಬೇಡಿ. ನನ್ನ ಪಕ್ಕದಲ್ಲಿ ನಿಂತಿದ್ದ ಗಡ್ಡದ ಮನುಷ್ಯ ಹಳೆಯ ಹಾಡುಗಳಿಗೆ ಕೈ ಎತ್ತಿ ಕೂಗಿದ. ಐ ಹ್ಯಾವ್ ಎ ರೈಟ್ ಹಾಡು ಬಂದಾಗ ಪಕ್ಕದಲ್ಲಿದ್ದ ಮಗನನ್ನು ಎತ್ತಿಕೊಂಡ. ಅದು ಮಗು ಬದುಕಿ ಬಾಳುವ ಹಕ್ಕಿನ ಬಗೆಗಿನ ಹಾಡು, 2012ರದ್ದು, ಕುಂಬಳಕಾಯಿಯವರಿಗೆ ಆಗದ ಅದೇ ಆಲ್ಬಮ್‌ನದು. ಅವನಿಗೆ ಎರಡೂ ಬೇಕಾಗಿದ್ದವು.

ರಾತ್ರಿಪಾಳಿಯವರೇ, ನಿಮಗೆ ಇನ್ನೊಂದು ದಾರಿ ಹೇಳುತ್ತೇನೆ. 2022ರಲ್ಲಿ ಇವರು ಅಕೌಸ್ಟಿಕ್ ಅಡ್ವೆಂಚರ್ಸ್ ಎಂದು ಎರಡು ಸಂಪುಟಗಳನ್ನು ತಂದರು. ವಿದ್ಯುತ್ ಗಿಟಾರ್ ಇಲ್ಲ, ಓಟವಿಲ್ಲ. ಹಳೆಯ ವುಲ್ಫ್ ಅಂಡ್ ರೇವನ್, ಫುಲ್‌ಮೂನ್ ಇವೆ, ನಂತರದ ದ ವುಲ್ವ್ಸ್ ಡೈ ಯಂಗ್, ಐ ಹ್ಯಾವ್ ಎ ರೈಟ್ ಕೂಡ ಇವೆ. ವೇಗದ ಭೇದ ಹೋದ ಮೇಲೆ ಯಾವುದು ಹಳೆಯದು ಯಾವುದು ಹೊಸದು ಎಂದು ಗೊತ್ತಿಲ್ಲದವರಿಗೆ ಕೇಳಿಸಿ ನೋಡಿ. ನನ್ನ ಹೆಂಡತಿಗೆ ಕೇಳಿಸಿದೆ. ಅವಳಿಗೆ ಮೆಟಲ್ ಎಂದರೆ ದೂರ. ಎಲ್ಲವೂ ಒಬ್ಬನೇ ಬರೆದಂತಿದೆ ಎಂದಳು.

ಉತ್ತರ: ತುಂಗಾತೀರ (ಶಿವಮೊಗ್ಗ)

ನಾನು ಇನ್ನೂ ಕಾಲೇಜಿನಲ್ಲಿದ್ದೇನೆ, ಇಲ್ಲಿರುವ ಎಲ್ಲರಿಗಿಂತ ಚಿಕ್ಕವನು. 2024ರ ಕ್ಲಿಯರ್ ಕೋಲ್ಡ್ ಬಿಯಾಂಡ್‌ನಿಂದ ಶುರು ಮಾಡಿ ಹಿಂದಕ್ಕೆ ಕೇಳುತ್ತಾ ಬರುತ್ತಿದ್ದೇನೆ. ಈಗ ಉನಿಯಾಕ್ಕೆ ಬಂದಿದ್ದೇನೆ. ನಿಮಗೆಲ್ಲ ಇದು ಕಷ್ಟದ ಆಲ್ಬಮ್ ಎನ್ನುವುದು ನನಗೆ ಆಶ್ಚರ್ಯ ತಂದಿತು. ಹಿಂದಿನಿಂದ ಬಂದವನಿಗೆ ಇದು ತಾಲ್ವಿಯೊಗಿಂತ ಎಷ್ಟೋ ಚುರುಕಾಗಿದೆ. ಪೇಯ್ಡ್ ಇನ್ ಫುಲ್ ಹಾಡಂತೂ ಒಂದು ವಾರದಿಂದ ಬಿಟ್ಟಿಲ್ಲ. ಕುಂಬಳಕಾಯಿ ಅಣ್ಣ, ನೀವು ಇನ್ ಬ್ಲ್ಯಾಕ್ ಅಂಡ್ ವೈಟ್‌ನ ಡ್ರಮ್ ಕೇಳಿದ್ದೀರಲ್ಲವೇ? ಅಲ್ಲಿ ಪೋರ್ಟಿಮೊ ಸುಮ್ಮನೆ ಕೂತಿದ್ದಾರೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಓಡುತ್ತಿಲ್ಲ, ನಿಜ. ಆದರೆ ಒಂದೊಂದು ಪೆಟ್ಟೂ ಭಾರವಾಗಿದೆ.

ರಾತ್ರಿಪಾಳಿ (ಹುಬ್ಬಳ್ಳಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಸ್ವರಪಟ್ಟಿ ಮೇಡಂ ಹೇಳಿದಂತೆ ಆರು ಹಾಡುಗಳನ್ನು ಸಾಲಾಗಿ ಜೋಡಿಸಿಕೊಂಡು, ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿದೆ. ಈ ವಾರ ಪುಟಗಳು ತಡವಾಗಿ ಬರುತ್ತಿದ್ದುದರಿಂದ ಕೇಳಲು ಹೊತ್ತು ಸಿಕ್ಕಿತು.

ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ದ ಎಂಡ್ ಆಫ್ ದಿಸ್ ಚಾಪ್ಟರ್ ನಿಧಾನದ ಹಾಡು. ಅಂದರೆ ಈ ಕಥೆ ಶುರುವಾದದ್ದೇ ಓಟವಿಲ್ಲದೆ. ಈ ಹಾಡನ್ನು ಅಷ್ಟು ಸಲ ಕೇಳಿದ್ದರೂ, ನಾನು ಪ್ರೀತಿಸುವ ಹಳೆಯ ಆಲ್ಬಮ್‌ನೊಳಗೇ ಉನಿಯಾದ ಬೀಜ ಇದೆ ಎಂಬ ಕಡೆಗೆ ಕಿವಿ ಹೋಗಿರಲಿಲ್ಲ. ಡೋಂಟ್ ಸೇ ಎ ವರ್ಡ್‌ನಲ್ಲಿ ಅದೇ ಮನುಷ್ಯ ಕೋಪದಿಂದ ಓಡುತ್ತಾನೆ, ಡ್ರಮ್ ಅವನ ಕೋಪ. ಕುಂಬಳಕಾಯಿಯವರ ಮಾತು ಅಲ್ಲಿ ಪೂರ್ತಿ ಸರಿ. ವೇಗ ತೆಗೆದರೆ ಆ ಹಾಡೇ ಇಲ್ಲ. ಆಮೇಲೆ ಕೇಲೆಬ್. ಅದು ಬಾಲ್ಯದ ಕಥೆ. ಅಲ್ಲಿ ಹಾಡು ಮುಂದೆ ಓಡುವುದಿಲ್ಲ, ಒಂದು ನೆನಪಿನಿಂದ ಇನ್ನೊಂದು ನೆನಪಿಗೆ ಹೋಗಿ ಬಂದು ಮಾಡುತ್ತದೆ. ಪಲ್ಲವಿ ತಡವಾಗಿ ಬರುವುದಕ್ಕೆ, ಬಂದರೂ ಹಗುರಾಗದೆ ಇರುವುದಕ್ಕೆ ಇಲ್ಲಿ ಕಾರಣವಿದೆ. ಇಂಥ ಬಾಲ್ಯವನ್ನು ಜೋಡಿ ಪೆಡಲ್‌ನ ಓಟದಲ್ಲಿ ಹೇಳಲು ಬರುವುದಿಲ್ಲ. ಜೂಲಿಯೆಟ್ ಮತ್ತೆ ಓಡುತ್ತದೆ. ಕೊನೆಯ ದ ಲಾಸ್ಟ್ ಆಫ್ ದ ಲ್ಯಾಂಬ್ಸ್ ಪಿಸುಮಾತಿನಷ್ಟು ಮೆಲ್ಲಗಿದೆ. ಆ ಕಥೆಗೆ ಆ ಅಂತ್ಯ ಸಲ್ಲುತ್ತದೆ ಎಂದು ಅನ್ನಿಸಿತು.

ಹಾಗೆಂದು ನನ್ನ ದೂರು ತೀರಿಲ್ಲ. ಕೇಲೆಬ್‌ನಲ್ಲಿ ಕಥೆಗಾಗಿ ಹಾಡು ಹೀಗಿದೆ ಎಂದು ಒಪ್ಪುತ್ತೇನೆ. ದ ವೈಸ್‌ನಲ್ಲಿ ಅಂಥ ಕಾರಣ ನನಗೆ ಕಾಣುವುದಿಲ್ಲ. ಅಲ್ಲಿ ಕಟ್ಟಡ ಬಿಗಿಯಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಜುಗಲ್‌ಬಂದಿಯ ಬಗ್ಗೆ ಮೇಡಂ ಹೇಳಿದ್ದು ಎದೆಗೆ ತಾಕಿತು. ಇಷ್ಟು ವರ್ಷ ನನಗೆ ಏನೋ ಇಲ್ಲ ಅನ್ನಿಸುತ್ತಿತ್ತು, ಅದೇ ಅದು. ಗಿಟಾರ್ ಕೇಳಿದ ಪ್ರಶ್ನೆಗೆ ಕೀಬೋರ್ಡ್ ಉತ್ತರಿಸುವುದನ್ನು ನಾನು ಕಾಯುತ್ತಿರುತ್ತೇನೆ, ಉತ್ತರ ಬರುವುದಿಲ್ಲ.

ಈಗ ಇನ್ನೊಂದು ಪ್ರಶ್ನೆ. ಕ್ಲಿಯರ್ ಕೋಲ್ಡ್ ಬಿಯಾಂಡ್‌ನಲ್ಲಿ ಹಳೆಯ ವೇಗ ಮರಳಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೂ ಕೇಳಿಲ್ಲ. ಬೇಕೆಂದೇ ಮುಂದೂಡಿದ್ದೇನೆ. ಅಭಿಮಾನಿಗಳ ಬಾಯಿ ಮುಚ್ಚಿಸಲು ಮಾಡಿದ ಆಲ್ಬಮ್ ಆಗಿದ್ದರೆ ನನಗೆ ಅದು ಬೇಡ.

ಸ್ವರಪಟ್ಟಿ (ಮೈಸೂರು)

ಕೇಳಿ, ಭಯ ಬೇಡ. ವೇಗ ಮರಳಿದೆ, ಆದರೆ ಇಪ್ಪತ್ತನಾಲ್ಕರ ಹುಡುಗನ ವೇಗವಲ್ಲ. ಎಕ್ಲಿಪ್ಟಿಕಾ ಬಂದಾಗ ಕಕ್ಕೊ ಅವರ ವಯಸ್ಸು ಅಷ್ಟೇ. ಈ ಆಲ್ಬಮ್ ಬಂದಾಗ ನಲವತ್ತೆಂಟು. ದನಿ ಮೊದಲಿನಷ್ಟು ಮೇಲೆ ಹೋಗುವುದಿಲ್ಲ, ಹೋಗಲು ಒದ್ದಾಡುವುದೂ ಇಲ್ಲ. ನಡುವಿನ ವರ್ಷಗಳಲ್ಲಿ ಕಲಿತ ದನಿಯ ಪದರಗಳು, ತಡವಾಗಿ ಬರುವ ಪಲ್ಲವಿ, ಎಲ್ಲವನ್ನೂ ಓಟದೊಳಗೆ ತಂದಿದ್ದಾರೆ. ಫಸ್ಟ್ ಇನ್ ಲೈನ್ ಹಾಡನ್ನು ಕೀಬೋರ್ಡಿನ ಮೇಲೆ ಬಿಡಿಸಿದಾಗ ನನಗೆ ಉನಿಯಾದ ಅಭ್ಯಾಸಗಳು ಕೈಗೆ ಸಿಕ್ಕವು. ಉನಿಯಾ ಇಲ್ಲದೆ ಈ ಆಲ್ಬಮ್ ಬರುತ್ತಿರಲಿಲ್ಲ ಎಂದು ಅಷ್ಟರಿಂದಲೇ ಹೇಳುತ್ತೇನೆ.

ದ ವೈಸ್ ಬಗ್ಗೆ ನಿಮ್ಮೊಂದಿಗೆ ಜಗಳವಿಲ್ಲ. ನನಗೂ ಅದು ಉನಿಯಾದ ದುರ್ಬಲ ಹಾಡುಗಳಲ್ಲಿ ಒಂದು.

ಕುಂಬಳಕಾಯಿ (ಬೆಂಗಳೂರು)

ಕ್ಲಿಯರ್ ಕೋಲ್ಡ್ ಬಿಯಾಂಡ್ ಬಗ್ಗೆ ನನ್ನದು ಬೇರೆ ಕಾರಣದ ಸಂತೋಷ. ಅಲ್ಲಿ ಪೋರ್ಟಿಮೊ ಅವರಿಗೆ ಮತ್ತೆ ಕೆಲಸ ಸಿಕ್ಕಿದೆ. ಆದರೆ ಒಂದು ಆಲ್ಬಮ್‌ನಿಂದ ಹದಿನೇಳು ವರ್ಷದ ಲೆಕ್ಕ ಚುಕ್ತಾ ಆಗುವುದಿಲ್ಲ. ಮುಂದಿನದನ್ನು ನೋಡಿ ಹೇಳುತ್ತೇನೆ. ತಮ್ಮ ತುಂಗಾತೀರ, ಇನ್ ಬ್ಲ್ಯಾಕ್ ಅಂಡ್ ವೈಟ್ ಬಗ್ಗೆ ನೀನು ಹೇಳಿದ್ದು ನ್ಯಾಯವಾಗಿದೆ. ಆ ಹಾಡನ್ನು ನನ್ನ ದೂರಿನಿಂದ ಹೊರಗಿಡುತ್ತೇನೆ, ಉಳಿದದ್ದು ಹಾಗೇ ಇರಲಿ.

ರಾತ್ರಿಪಾಳಿಯವರಿಗೆ ಒಂದೇ ಸಲಹೆ. ಆಲ್ಬಮ್ ಪೂರ್ತಿ ಕೇಳುವ ಮೊದಲು ಏಂಜಲ್ ಡಿಫೈಲ್ಡ್ ಹಾಕಿ. ಮುದ್ರಣ ಯಂತ್ರ ಶುರುವಾದ ಮೇಲೂ ಅದು ತಲೆಯಲ್ಲಿ ಓಡುತ್ತದೆಯೇ ಎಂದು ನೋಡಿ ಇಲ್ಲಿ ಬರೆಯಿರಿ. ನಿಮ್ಮ ಆ ಪರೀಕ್ಷೆಯ ಮೇಲೆ ನನಗೆ ನಂಬಿಕೆ ಬಂದಿದೆ.